ಪೀಪಾಯಿಯೂ ಭರಣಿಯೂ

ಹತ್ತು ಜನ ಕನ್ನಡಿಗರು ದೆಹಲಿಯಲ್ಲಿ ಒಂದೆಡೆ ಸೇರಿದರೆ ಮಾತು ಹೋಗುತ್ತಿದ್ದುದು ಊರಿನಿಂದ ತರಿಸಿದ ಕಾಫಿಪುಡಿಯ ಕಡೆಗೆ, ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟಿನ ಕಡೆಗೆ, ಇಲ್ಲವೆ ಚಳಿಗಾಲದಲ್ಲಿ ಹುಳಿಯದ ಇಡ್ಲಿ ಹಿಟ್ಟಿನ ಕಡೆಗೆ. ಈಚೆಗೆ ಇವುಗಳ ನಡುವೆ ಇನ್ನೊಂದು ಮಾತೂ ನುಸುಳಿದೆ. ಅಮೆರಿಕೆಯಲ್ಲೋ ಇಂಗ್ಲೆಂಡಿನಲ್ಲೋ ನಾಲ್ಕಾರು ವರ್ಷ ಓದಿ, ದುಡಿದು, ಗುರುಗ್ರಾಮಕ್ಕೋ ನೊಯಿಡಾಕ್ಕೋ ಮರಳಿದ ನಮ್ಮ ತರುಣರು ಅಲ್ಲಿ ಕಲಿತುಬಂದ ಒಂದು ಹವ್ಯಾಸವನ್ನು ಇಲ್ಲಿಯೂ ಮುಂದುವರಿಸಬೇಕೆನ್ನುತ್ತಾರೆ. ಮನೆಯಲ್ಲಿಯೇ ಬೀರು ಇಳಿಸಿ ಉಕ್ಕಿನ ಪೀಪಾಯಿಯಲ್ಲಿ ತುಂಬುವುದು. ಜೇನುತುಪ್ಪವನ್ನು ಹುದುಗೆಬ್ಬಿಸಿ ‘ಮೀಡ್’ ಎಂಬ ಮಧುವನ್ನು ಮಾಡಿ, ತಿಂಗಳು ತಿಂಗಳಿಗೆ ಗಷ್ಟಿನಿಂದ ತಿಳಿಯನ್ನು ಬೇರ್ಪಡಿಸುತ್ತ ವರ್ಷಗಟ್ಟಲೆ ಮಾಗಿಸುವುದು. ಇದು ಆ ಹವ್ಯಾಸ.

ಇದನ್ನು ಕೇಳಿದ ಕೂಡಲೇ ಹಿರಿಯರ ಹುಬ್ಬು ಮೇಲೇರುತ್ತದೆ. “ನಮ್ಮ ಮನೆಯಲ್ಲಿ ಇದೇನಪ್ಪ?” ಎಂದು ಒಬ್ಬರು. “ಇದು ವಿಜ್ಞಾನ ಮಾವ, ಕುಡುಕತನ ಅಲ್ಲ,” ಎಂದು ಇನ್ನೊಬ್ಬರು. ಹೆಚ್ಚಿನ ಮನೆಗಳಲ್ಲಿ ಮಾತು ಇಲ್ಲಿಗೇ ಮುರಿದುಬೀಳುತ್ತದೆ. ಹಿರಿಯರಿಗೆ ಆ ಕೆಲಸ ಏನೆಂದು ಗೊತ್ತಿಲ್ಲ. ಕಿರಿಯರಿಗೆ ಈ ಊರಿನ ಕಾನೂನು ಏನೆಂದು ಗೊತ್ತಿಲ್ಲ. ಎರಡನ್ನೂ ಅರಿತಮೇಲೆ ತೀರ್ಮಾನಕ್ಕೆ ಬರುವುದು ಮೇಲು. ಆದುದರಿಂದ ಈ ವಿಷಯವನ್ನು ಮುಚ್ಚಿಡದೆ ವಾಚಕರ ಮುಂದೆ ಇಡಲು ನಾವು ಹೊರಟಿದ್ದೇವೆ.

ಬೀರಿನ ಬಗೆ

ಮೊದಲು ಕೆಲಸವನ್ನು ತಿಳಿಯೋಣ. ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ನೆನೆಹಾಕಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟು ಆಗುತ್ತದೆ. ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ಕೂಸಿಗೆ ಸರಿ ಕಾಯಿಸಿಕೊಟ್ಟ ನಮ್ಮ ತಾಯಂದಿರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುತ್ತವೆ. ರಾಗಿಯ ಸರಿ ಕೂಸಿಗೆ ಸುಲಭವಾಗಿ ಜೀರ್ಣವಾಗುವುದಕ್ಕೂ ಬಾರ್ಲಿಯ ಕಷಾಯ ಸಿಹಿಯಾಗುವುದಕ್ಕೂ ಕಾರಣ ಒಂದೇ. ಮಾಲ್ಟನ್ನು ತರಿತರಿಯಾಗಿ ಒಡೆದು, ೬೫ರಿಂದ ೬೮ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟು ಸೋಸಿದರೆ ಸಿಹಿ ಕಷಾಯ ಬರುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಒಂದು ಗಂಟೆ ಕುದಿಸುತ್ತಾರೆ. ಆ ಹೂವು ಕಹಿಯನ್ನೂ ಪರಿಮಳವನ್ನೂ ಕೊಡುತ್ತದೆ, ಕೆಡಿಸುವ ಜೀವಾಣುಗಳನ್ನೂ ತಡೆಯುತ್ತದೆ. ಬೇಗನೆ ಆರಿಸಿ, ಯೀಸ್ಟ್ ಹಾಕಿ, ಒಳಗಿನ ಗಾಳಿ ಹೊರಹೋಗುವಂತೆಯೂ ಹೊರಗಿನ ಗಾಳಿ ಒಳಬರದಂತೆಯೂ ಮುಚ್ಚಿಟ್ಟರೆ ಎರಡು ವಾರದೊಳಗೆ ಕೆಲಸ ಮುಗಿಯುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು, ತೂಕದಲ್ಲಿ ಹೆಚ್ಚುಕಡಮೆ ಅರ್ಧ ಮದ್ಯಸಾರವನ್ನೂ ಅರ್ಧ ಇಂಗಾಲಾಮ್ಲ ವಾಯುವನ್ನೂ ಬಿಡುತ್ತದೆ.

ಹುಳಿಯುವಿಕೆ ಜೀವಿಗಳ ಕೆಲಸ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಲೂಯಿ ಪಾಸ್ಚರ್. ಹಾಲು ಹುಳಿಯುವುದನ್ನು ಕುರಿತು ಆತ ೧೮೫೭ರಲ್ಲಿ ಬರೆದ; ೧೮೭೬ರಲ್ಲಿ ಬೀರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದ. ೧೮೮೩ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹಾನ್ಸೆನ್ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೆಳೆಸಿ ತೋರಿಸಿದ. ೧೮೯೭ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್, ಯೀಸ್ಟನ್ನು ಅರೆದು ಹಿಂಡಿದ ರಸವೊಂದೇ ಸಕ್ಕರೆಯನ್ನು ಹುದುಗೆಬ್ಬಿಸಬಲ್ಲದೆಂದು ಕಂಡುಹಿಡಿದು ೧೯೦೭ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಇಂದಿನ ಜೀವರಸಾಯನ ಶಾಸ್ತ್ರದ ಒಂದು ಬೇರು ಹೀಗೆ ಬೀರಿನ ಕೊಪ್ಪರಿಗೆಯಲ್ಲಿದೆ. “ಇದು ವಿಜ್ಞಾನ” ಎಂದು ತರುಣರು ಹೇಳುವ ಮಾತು ಸುಳ್ಳಲ್ಲ.

ಇನ್ನು ಪೀಪಾಯಿ. ಹಳೆಯ ಪದ್ಧತಿಯಂತೆ ಸೀಸೆಗೆ ತುಂಬುವಾಗ ಪ್ರತಿಯೊಂದಕ್ಕೂ ಒಂದಿಷ್ಟು ಸಕ್ಕರೆ ಸೇರಿಸಿ ಬಿರಡೆ ಜಡಿಯಬೇಕು. ಒಳಗೆ ಉಳಿದ ಯೀಸ್ಟ್ ಅದನ್ನು ತಿಂದು ವಾಯುವನ್ನು ಬಿಟ್ಟಾಗ ನೊರೆ ಕಟ್ಟುತ್ತದೆ. ಸಕ್ಕರೆಯ ಅಳತೆ ತಪ್ಪಿದರೆ ಸೀಸೆ ಸಿಡಿಯುತ್ತದೆ. ಈ ತೊಡಕನ್ನು ತಪ್ಪಿಸಲು ಹವ್ಯಾಸಿಗಳು ‘ಕಾರ್ನೀಲಿಯಸ್’ ಎಂಬ ಹೆಸರಿನ ಉಕ್ಕಿನ ಪೀಪಾಯಿಯನ್ನು ಹಿಡಿದರು. ಸೋಡಾ ಕಂಪನಿಗಳು ಶರಬತ್ತಿನ ಪಾಕವನ್ನು ಸಾಗಿಸಲು ಬಳಸುತ್ತಿದ್ದ ಪಾತ್ರೆ ಇದು. ಸುಮಾರು ೧೯ ಲೀಟರು ಹಿಡಿಯುತ್ತದೆ. ತಲೆಯ ಮೇಲೆ ಎರಡು ಬಾಯಿ. ಒಂದರಿಂದ ಸಿಲಿಂಡರಿನ ಇಂಗಾಲಾಮ್ಲ ವಾಯು ಒಳಗೆ ಹೋಗುತ್ತದೆ. ಇನ್ನೊಂದಕ್ಕೆ ತಳದವರೆಗೂ ಇಳಿದ ಕೊಳವೆಯಿದೆ. ಅದರ ಮೂಲಕ ಪಾನೀಯ ಮೇಲೆ ಬರುತ್ತದೆ. ತಣ್ಣಗಿದ್ದಷ್ಟೂ ದ್ರವ ಹೆಚ್ಚು ವಾಯುವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಪೀಪಾಯಿಯನ್ನು ೪ ಸೆಂಟಿಗ್ರೇಡಿನಷ್ಟು ತಣ್ಣಗಿಟ್ಟು, ಚದರ ಅಂಗುಲಕ್ಕೆ ೧೦ರಿಂದ ೧೨ ಪೌಂಡಿನ ಒತ್ತಡದಲ್ಲಿ ಒಂದು ವಾರ ಬಿಟ್ಟರೆ ಸಾಕಷ್ಟು ನೊರೆ ಕೂಡಿಕೊಳ್ಳುತ್ತದೆ.

ಜೇನಿನ ಮಧು

ಮೀಡಿಗೆ ಕುದಿಸುವ ಗೋಜಿಲ್ಲ. ಜೇನುತುಪ್ಪದಲ್ಲಿ ನೂರಕ್ಕೆ ಎಂಬತ್ತರಷ್ಟು ಸಕ್ಕರೆಯಿದ್ದು ನೀರು ಬಹಳ ಕಡಮೆ; ಅದಕ್ಕೇ ಭರಣಿಯಲ್ಲಿಟ್ಟ ಜೇನು ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದೊಡನೆ ಅದರ ಆ ರಕ್ಷಣೆ ಹೋಗಿ ಯೀಸ್ಟಿಗೆ ದಾರಿಯಾಗುತ್ತದೆ. ಆದರೆ ಜೇನಿನಲ್ಲಿ ಸಾರಜನಕ ತೀರ ಅಲ್ಪ. ಬರೀ ಸಿಹಿಯನ್ನು ತಿಂದು ಯೀಸ್ಟು ಸೊರಗುತ್ತದೆ. ಅದಕ್ಕೆ ಬೇರೆ ಪೋಷಣೆಯನ್ನು ಕೊಡಬೇಕಾಗುತ್ತದೆ, ತಾಳ್ಮೆಯೂ ಬೇಕಾಗುತ್ತದೆ.

ಒಂದು ತಿಂಗಳ ಹೊತ್ತಿಗೆ ಕುದಿತ ಅಡಗಿ, ಸತ್ತ ಯೀಸ್ಟು ತಳದಲ್ಲಿ ಕೆಸರಿನಂತೆ ಕೂರುತ್ತದೆ. ಅದರ ಮೇಲೆಯೇ ಹೆಚ್ಚು ಕಾಲ ಬಿಟ್ಟರೆ ಆ ಯೀಸ್ಟು ತಾನೇ ಒಡೆದು ಕರಗಿ ಕೆಟ್ಟ ವಾಸನೆ ಕೊಡುವುದುಂಟು. ಆದುದರಿಂದ ಪಾತ್ರೆಯನ್ನು ಎತ್ತರದಲ್ಲಿಟ್ಟು, ತೆಳು ಕೊಳವೆಯ ಒಂದು ತುದಿಯನ್ನು ಗಷ್ಟಿಗೆ ತಾಕದಂತೆ ಹಿಡಿದು, ಇನ್ನೊಂದು ತುದಿಯನ್ನು ಕೆಳಗಿನ ಪಾತ್ರೆಯ ತಳಕ್ಕೆ ಮುಟ್ಟಿಸಿ, ಗುಳುಗುಳು ಎನ್ನಿಸದೆ, ಗಾಳಿ ಬೆರೆಯಗೊಡದೆ ತಿಳಿಯನ್ನು ಮಾತ್ರ ಇಳಿಸುತ್ತಾರೆ. ಇದಕ್ಕೆ ಇಂಗ್ಲಿಷರು ‘ರ‍್ಯಾಕಿಂಗ್’ ಎನ್ನುತ್ತಾರೆ. ಬೆಣ್ಣೆ ಕಾಯಿಸಿ, ಗಸಿ ತಳಕ್ಕೆ ಕೂತಮೇಲೆ ಪಾತ್ರೆಯನ್ನು ಮೆಲ್ಲಗೆ ಬಾಗಿಸಿ ತುಪ್ಪವನ್ನಷ್ಟೇ ಬಸಿಯುವ ಗೃಹಿಣಿಯ ಕೈಗೆ ಈ ಕಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಮೂರು ಸಲ ಹೀಗೆ ತಿಳಿ ತೆಗೆದು ಆರು ತಿಂಗಳು, ವರ್ಷ ಮಾಗಿಸಿದರೆ ಮಧು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ದೇಶದಲ್ಲಿಯೂ ಪರವಾನಗಿ ಪಡೆದು ಇದನ್ನು ಮಾಡುವವರಿದ್ದಾರೆ. ಪುಣೆಯ ಮೂನ್‌ಶೈನ್ ಮೀಡರಿ ೨೦೧೮ರಲ್ಲಿ ತನ್ನ ಮೀಡನ್ನು ಮಾರುಕಟ್ಟೆಗೆ ತಂದಿತು.

‘ಮೀಡ್’ ಎಂಬ ಮಾತೂ ನಮ್ಮ ‘ಮಧು’ವೂ ಒಂದೇ ಬೇರಿನ ಎರಡು ಚಿಗುರುಗಳು ಎಂಬುದನ್ನು ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಹೀಗಿರಲು ಇದನ್ನು ವಿಲಾಯಿತಿಯ ಸರಕು ಎಂದು ತಳ್ಳಿಹಾಕುವಂತೆಯೂ ಇಲ್ಲ.

ಮೈಸೂರಿನಲ್ಲಿ ದೊರೆತ ಸಾಕ್ಷ್ಯ

ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಶತಮಾನಗಳಿಂದ ಹೆಸರು ಮಾತ್ರ ಉಳಿದಿದ್ದ ಕೌಟಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದು ೧೯೦೫ರಲ್ಲಿ. ಅವರು ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥದ ಎರಡನೆಯ ಅಧಿಕರಣದ ೨೫ನೆಯ ಅಧ್ಯಾಯ ಸುರಾಧ್ಯಕ್ಷನನ್ನು, ಅಂದರೆ ಆ ಕಾಲದ ಅಬಕಾರಿ ಅಧಿಕಾರಿಯನ್ನು ಕುರಿತದ್ದು. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಪಾನೀಯಗಳ ಬಗೆಗಳನ್ನೂ ಅಳತೆಗಳನ್ನೂ ಅದರಲ್ಲಿ ಕೊಟ್ಟಿದೆ. ಎಲ್ಲಕ್ಕಿಂತ ಸ್ವಾರಸ್ಯವೆಂದರೆ, ಹುದುಗೆಬ್ಬಿಸಲು ಹಾಕುವ ‘ಕಿಣ್ವ’ವನ್ನು ಉದ್ದನ್ನೂ ಅದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನೂ ಸೇರಿಸಿ ಮಾಡಬೇಕೆಂದು ಅಲ್ಲಿ ಹೇಳಿದೆ. ಉದ್ದು, ಹೆಚ್ಚಿನ ಪಾಲು ಅಕ್ಕಿ! ನಮ್ಮ ಇಡ್ಲಿಯ ದೂರದ ನೆಂಟನಂತೆ ಅದು ಕಾಣುತ್ತದಲ್ಲವೆ?

ಅದೇ ಅಧ್ಯಾಯದಲ್ಲಿ, ಗೃಹಸ್ಥರು ಶುಭಕಾರ್ಯಗಳಿಗೆ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದಿದೆ. ಉತ್ಸವ, ಕೂಟ, ಯಾತ್ರೆಗಳಿಗೆ ನಾಲ್ಕು ದಿನಗಳ ಸಡಿಲಿಕೆಯೂ ಉಂಟು. ಉಳಿದಂತೆ ಕಟ್ಟುನಿಟ್ಟು. ಅಂದರೆ ಮನೆಯಲ್ಲಿ ಮದ್ಯ ಮಾಡುವುದಕ್ಕೂ ಸರ್ಕಾರದ ಅಪ್ಪಣೆಗೂ ನಡುವಣ ವ್ಯಾಜ್ಯ ಇಂದು ನಿನ್ನೆಯದಲ್ಲ.

ಕನ್ನಡ ನಾಡಿನಲ್ಲಿಯೂ ಎಲ್ಲ ಮನೆಗಳ ರೂಢಿ ಒಂದೇ ಎನ್ನಲಾಗದು. ಕೊಡಗಿನ ಮನೆಗಳಲ್ಲಿ ಹಣ್ಣುಗಳಿಂದ ವೈನು ಮಾಡಿಟ್ಟು ಬಂದ ನೆಂಟರಿಗೆ ಕೊಡುತ್ತಾರೆ; ಹಿರಿಯರಿಗೆ ಎಡೆಯಿಡುವಾಗ ಮದ್ಯವೂ ಇರುತ್ತದೆ. ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್ಮಸ್ಸಿಗೆಂದು ದ್ರಾಕ್ಷಿಯನ್ನು ತಿಂಗಳುಗಳ ಮೊದಲೇ ಭರಣಿಯಲ್ಲಿ ಹಾಕಿಡುವುದು ವಾಡಿಕೆ. ಬೇರೆ ಮನೆಗಳಲ್ಲಿ ಅದರ ಹೆಸರೆತ್ತುವಂತಿಲ್ಲ. ಈ ಎಲ್ಲ ಮನೆಯವರೂ ನಮ್ಮ ವಾಚಕರೇ. ಆದ್ದರಿಂದ ಕುಡಿಯುವುದು ಸರಿಯೋ ತಪ್ಪೋ ಎಂಬ ತೀರ್ಪನ್ನು ನಾವು ಇಲ್ಲಿ ಕೊಡುವುದಿಲ್ಲ. ಆದರೆ ದೆಹಲಿಯಲ್ಲಿ ನೆಲೆನಿಂತ ಸಂಸಾರಕ್ಕೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ.

ಕಾನೂನು ಏನನ್ನುತ್ತದೆ?

ಇಂಗ್ಲೆಂಡಿನಲ್ಲಿ ೧೯೬೩ರವರೆಗೆ ಮನೆಯಲ್ಲಿ ಬೀರು ಮಾಡಲು ಪರವಾನಗಿ ಬೇಕಿತ್ತು. ಆ ವರ್ಷದ ಆಯವ್ಯಯದಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕೆಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ೧೯೭೮ರ ಅಕ್ಟೋಬರಿನಲ್ಲಿ ಅಂಕಿತ ಹಾಕಿದ ಕಾಯಿದೆ, ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ ೧೦೦ ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ ೨೦೦ ಗ್ಯಾಲನ್ ಬೀರನ್ನು ಮಾರಾಟಕ್ಕಲ್ಲದೆ ಮಾಡಿಕೊಳ್ಳಲು ತೆರಿಗೆಯಿಲ್ಲದೆ ಬಿಟ್ಟಿತು. ಅಲ್ಲಿಯೂ ಅಲಬಾಮಾ, ಮಿಸಿಸಿಪಿ ರಾಜ್ಯಗಳು ಒಪ್ಪಿದುದು ೨೦೧೩ರಲ್ಲಿ. ನಮ್ಮ ತರುಣರು ಕಲಿತು ಬಂದುದು ಇಂಥ ನೆಲದಲ್ಲಿ.

ಇಲ್ಲಿಯ ನೆಲ ಬೇರೆ. ಸಂವಿಧಾನ ಮಾದಕ ಪಾನೀಯಗಳ ವಿಷಯವನ್ನು ರಾಜ್ಯಗಳ ಪಟ್ಟಿಯಲ್ಲಿಟ್ಟಿದೆ. ೪೭ನೆಯ ಅನುಚ್ಛೇದ ಪಾನನಿರೋಧವನ್ನು ರಾಜ್ಯನೀತಿಯ ಗುರಿಗಳಲ್ಲಿ ಸೇರಿಸಿದೆ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು ೧೯೯೪ರಲ್ಲಿ ತೀರ್ಪಿತ್ತ ಮೊಕದ್ದಮೆ ನಮ್ಮ ನಾಡಿನದೇ: ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನದು. ರಾಜಧಾನಿಯ ಸುತ್ತಲಿನ ನಮ್ಮ ಬದುಕು ಮೂರು ಆಡಳಿತಗಳಲ್ಲಿ ಹಂಚಿಹೋಗಿದೆ. ರಾಮಕೃಷ್ಣಪುರ, ಮುನಿರ್ಕಾ, ಮಯೂರ ವಿಹಾರದವರಿಗೆ ೨೦೦೯ರ ದೆಹಲಿ ಅಬಕಾರಿ ಕಾಯಿದೆ. ಗುರುಗ್ರಾಮ, ಫರೀದಾಬಾದಿನವರಿಗೆ ಹರಿಯಾಣದಲ್ಲಿ ಜಾರಿಯಲ್ಲಿರುವ ೧೯೧೪ರ ಅಬಕಾರಿ ಕಾಯಿದೆ. ನೊಯಿಡಾ, ಗಾಜಿಯಾಬಾದಿನವರಿಗೆ ೧೯೧೦ರ ಸಂಯುಕ್ತ ಪ್ರಾಂತದ ಅಬಕಾರಿ ಕಾಯಿದೆ. ಮೂರರ ಮಾತೂ ಒಂದೇ: ಪರವಾನಗಿ ಇಲ್ಲದೆ ಮದ್ಯ ತಯಾರಿಸಕೂಡದು. ಮಾರಾಟಕ್ಕಲ್ಲ, ಮನೆಮಂದಿಗೆ ಮಾತ್ರ ಎಂಬ ಸಮಾಧಾನ ನಡೆಯದು. ದೆಹಲಿಯ ಕಾಯಿದೆಯ ೩೩ನೆಯ ಕಲಮಿನಂತೆ ಶಿಕ್ಷೆ ಆರು ತಿಂಗಳಿಗೆ ಕಡಮೆಯಿಲ್ಲದೆ ಮೂರು ವರ್ಷದವರೆಗಿನ ಸೆರೆವಾಸ, ಅದರೊಡನೆ ೫೦,೦೦೦ ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ.

“ಗುರುಗ್ರಾಮದಲ್ಲಿ ಹೋಟೆಲುಗಳು ತಾವೇ ಬೀರು ಇಳಿಸಿ ಬಡಿಸುತ್ತವಲ್ಲ?” ಎಂದು ಕೇಳುವವರುಂಟು. ನಿಜ, ಅವು ಅಬಕಾರಿ ಇಲಾಖೆಗೆ ಶುಲ್ಕ ತೆತ್ತು ಪರವಾನಗಿ ಪಡೆದ ಕಿರು ಬ್ರೂವರಿಗಳು. ಬೆಂಗಳೂರಿನಲ್ಲಿ ೨೦೧೧ರಿಂದ ತಲೆಯೆತ್ತಿದವೂ ಇಂಥವೇ. ಗಾಜಿಯಾಬಾದಿನ ಮೋಹನ ನಗರದ ಹಳೆಯ ಕಾರ್ಖಾನೆಯಾಗಲಿ, ೧೯೧೫ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಬೆಳೆದ ಯುನೈಟೆಡ್ ಬ್ರೂವರೀಸ್ ಆಗಲಿ ನಡೆಯುವುದು ಪರವಾನಗಿಯ ಬಲದ ಮೇಲೆಯೇ. ಅಡಿಗೆಮನೆಗೆ ಅಂಥ ಪರವಾನಗಿಯನ್ನು ಕೊಡುವ ಏರ್ಪಾಡು ಇಲ್ಲಿಲ್ಲ.

ನಮ್ಮ ವಾಚಕರಲ್ಲಿ ಕೇಂದ್ರ ಸರ್ಕಾರದ ನೌಕರರು ಬಹುಮಂದಿ. ಅವರು ಇನ್ನೊಂದನ್ನೂ ನೆನಪಿಡಬೇಕು. ೧೯೬೪ರ ನಡವಳಿಕೆ ನಿಯಮಗಳ ೨೨ನೆಯ ನಿಯಮ, ತಾನಿರುವ ಪ್ರದೇಶದ ಮದ್ಯಸಂಬಂಧವಾದ ಕಾನೂನನ್ನು ನೌಕರನು ಕಟ್ಟುನಿಟ್ಟಾಗಿ ಪಾಲಿಸಬೇಕೆನ್ನುತ್ತದೆ. ಸರ್ಕಾರಿ ವಸತಿಗೃಹದ ಬಾಲ್ಕನಿಯಲ್ಲಿ ಮಗನ ಪೀಪಾಯಿ ಸಿಕ್ಕರೆ ಉತ್ತರ ಹೇಳಬೇಕಾದವರು ಮನೆ ಯಾರ ಹೆಸರಿನಲ್ಲಿದೆಯೋ ಆ ತಂದೆ, ಅಥವಾ ತಾಯಿ. ಮೂವತ್ತು ವರ್ಷದ ಸೇವೆ, ನಿವೃತ್ತಿವೇತನ, ಮಗನ ಪಾಸ್‌ಪೋರ್ಟು ಇವೆಲ್ಲ ಹತ್ತೊಂಬತ್ತು ಲೀಟರಿನ ಒಂದು ಪಾತ್ರೆಗೆ ತೊಡರಿಕೊಳ್ಳುವುದು ಯಾವ ಸಂಸಾರಕ್ಕೂ ಬೇಡ. ಬಾಡಿಗೆ ಮನೆಯಾದರೆ ಮನೆಯೊಡೆಯನ ಕಾಟ ಬೇರೆ. ದೆಹಲಿಯ ಕಾಯಿದೆ ಕುಡಿಯುವವನ ಕನಿಷ್ಠ ವಯಸ್ಸನ್ನು ೨೫ ಎಂದು ಇಟ್ಟಿತೆಂಬುದನ್ನೂ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಮರೆಯಬಾರದು.

ಭಯ ಯಾವುದು, ಭ್ರಮೆ ಯಾವುದು?

ಹಿರಿಯರ ಮನಸ್ಸಿನಲ್ಲಿರುವ ದೊಡ್ಡ ಅಂಜಿಕೆ ಕಳ್ಳಭಟ್ಟಿಯ ಸಾವುಗಳದು. ಆ ಅಂಜಿಕೆಗೆ ಕಾರಣವಿದೆ. ೧೯೮೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ೧೯೯೧ರ ನವೆಂಬರಿನಲ್ಲಿ ಇದೇ ದೆಹಲಿಯಲ್ಲಿ ‘ಕರ್ಪೂರಾಸವ’ ಎಂಬ ಔಷಧದ ಹೆಸರಿನಲ್ಲಿ ಮಾರಿದ ದ್ರವ ಸುಮಾರು ಇನ್ನೂರು ಜೀವಗಳನ್ನು ಬಲಿ ತೆಗೆದುಕೊಂಡಿತು. ಇಂಥಲ್ಲಿ ಕೊಲ್ಲುವುದು ಮೆಥನಾಲು ಎಂಬ ಇನ್ನೊಂದು ಬಗೆಯ ಮದ್ಯಸಾರ. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣನ್ನು, ಬಳಿಕ ಪ್ರಾಣವನ್ನು ತೆಗೆಯುತ್ತದೆ. ಬಾರ್ಲಿಯನ್ನೋ ಜೇನನ್ನೋ ಹುದುಗೆಬ್ಬಿಸಿದರೆ ಅದು ಲೆಕ್ಕಕ್ಕೆ ಬರುವಷ್ಟು ಹುಟ್ಟುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲನ್ನು ದುಡ್ಡಿನ ಆಸೆಗೆ ಬೆರೆಸುವುದರಿಂದ ಈ ದುರಂತಗಳು ಆಗುತ್ತವೆ. ಇಷ್ಟನ್ನು ತಿಳಿದರೆ ಹಿರಿಯರ ಒಂದು ಭಯ ಕಳೆಯುತ್ತದೆ.

ಆದರೆ ಕಿರಿಯರ ಕೆಲವು ಭ್ರಮೆಗಳೂ ಕಳೆಯಬೇಕು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಸಿಲಿಂಡರು ಸೋರಿದರೆ ಇಂಗಾಲಾಮ್ಲ ವಾಯು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಡಿದ ಸೀಸೆಯ ಚೂರು ಕಣ್ಣನ್ನು ಕಳೆಯಬಲ್ಲದು. ಸಾಧಾರಣ ಏಲ್ ಬೀರಿನ ಯೀಸ್ಟಿಗೆ ೧೮ರಿಂದ ೨೨ ಸೆಂಟಿಗ್ರೇಡು, ಲಾಗರಿಗೆ ಇನ್ನೂ ತಣ್ಣಗೆ ಬೇಕು. ಜೂನ್ ತಿಂಗಳಲ್ಲಿ ೪೫ಕ್ಕೆ ಏರಿ ಜನವರಿಯ ರಾತ್ರಿ ೪ಕ್ಕೆ ಇಳಿಯುವ ದೆಹಲಿ ಅದಕ್ಕೆ ಒಗ್ಗುವ ಊರಲ್ಲ. ಮನೆಯಲ್ಲಿ ಮಾಡಿದುದು ಶುದ್ಧ, ಆದ್ದರಿಂದ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತೂ ನಿಲ್ಲದು. ಮದ್ಯಸಾರಕ್ಕೆ ನಿರಪಾಯವಾದ ಅಳತೆ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೇಳಿತು. ಅದು ಯಾರ ಮನೆಯಲ್ಲಿ ತಯಾರಾದದ್ದಾದರೂ ಸರಿಯೆ.

ಭರಣಿಯ ದಾರಿ

ಹಾಗಾದರೆ ಕೈಗೆ ಬಂದ ವಿದ್ಯೆಯನ್ನು ಕಟ್ಟಿ ಅಟ್ಟದ ಮೇಲಿಡಬೇಕೆ? ಬೇಡವೆನ್ನುತ್ತೇವೆ. “ಕೂಡದು” ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದರೆ ತರುಣನು ಸ್ನೇಹಿತನ ಕೋಣೆಗೆ ಹೋಗಿ ಅದನ್ನೇ ಮಾಡುತ್ತಾನೆ. ಆಗ ತಾಯಿತಂದೆಗಳಿಗೆ ತಿಳಿಯುವುದು ಪೋಲೀಸರಿಂದ. ಅವನಿಗೆ ಬೇಕಾಗಿರುವುದು ಬಹುಮಟ್ಟಿಗೆ ಕೆಲಸದ ಕೌತುಕ. ಆ ಕೌತುಕಕ್ಕೆ ನಮ್ಮ ಅಡಿಗೆಮನೆಯಲ್ಲಿ ಬೇಕಾದಷ್ಟು ಅವಕಾಶವಿದೆ, ಕಾನೂನಿನ ಕಾಟವಿಲ್ಲ.

ಮೊದಲನೆಯದು ಇಡ್ಲಿಯ ಹಿಟ್ಟು. ಸುಮಾರು ೯೨೦ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ, ಸುಮಾರು ೧೦೨೫ರ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ರುಬ್ಬುವ ವಿಧಾನವಿದೆ. ಇದನ್ನು ಹುಳಿಯಿಸುವ ಮುಖ್ಯ ಜೀವಾಣು ಲ್ಯೂಕೊನಾಸ್ಟಾಕ್. ಅದು ಆಮ್ಲವನ್ನೂ ವಾಯುವನ್ನೂ ಒಟ್ಟಿಗೆ ಬಿಡುವುದರಿಂದ ಹಿಟ್ಟು ಹುಳಿಯಾಗುತ್ತದೆ, ಉಬ್ಬುತ್ತದೆ. ಅದಕ್ಕೆ ಬೇಕಾದುದು ೨೮ರಿಂದ ೩೦ ಸೆಂಟಿಗ್ರೇಡಿನ ಹಿತವಾದ ಬಿಸಿ. ಬೆಂಗಳೂರಿನಲ್ಲಿ ಒಂದು ರಾತ್ರಿಗೆ ಉಬ್ಬುವ ಹಿಟ್ಟು ದೆಹಲಿಯ ಪುಷ್ಯಮಾಸದಲ್ಲಿ ಎರಡು ದಿನವಾದರೂ ಅಲುಗದು. ಜ್ಯೇಷ್ಠದಲ್ಲಿ ಐದಾರು ಗಂಟೆಗೇ ಹುಳಿ ಹೆಚ್ಚಿ ಮೂಗಿಗೆ ಬಡಿಯುತ್ತದೆ. ಬೀರಿಗೆಂದು ಕೊಂಡ ಉಷ್ಣಮಾಪಕವನ್ನು ಮಗ ಇಲ್ಲಿಗೆ ತರಲಿ. ಚಳಿಗಾಲದಲ್ಲಿ ದೀಪ ಮಾತ್ರ ಉರಿಯುತ್ತಿರುವ ಒಲೆಪೆಟ್ಟಿಗೆಯಲ್ಲಿ, ಅದಿಲ್ಲದಿದ್ದರೆ ಬೆಚ್ಚನೆಯ ನೀರಿನ ಪಾತ್ರೆಯೊಳಗಿಟ್ಟು ಮೇಲೆ ರಜಾಯಿ ಹೊದಿಸಿ, ಎಷ್ಟು ಬಿಸಿಗೆ ಎಷ್ಟು ಹೊತ್ತು ಬೇಕೆಂದು ಬರೆದಿಡಲಿ. ಅಮ್ಮನಿಗೂ ಉಪಕಾರ, ಅವನಿಗೂ ಪ್ರಯೋಗ.

ಎರಡನೆಯದು ಈ ಊರಿನದೇ ಆದ ಕಾಂಜಿ. ಡಿಸೆಂಬರಿನಿಂದ ಮಾರ್ಚಿಯವರೆಗೆ ದೆಹಲಿಯ ತರಕಾರಿ ಮಂಡಿಗಳಿಗೆ ಬರುವ ಕಪ್ಪು ಗಜ್ಜರಿಯನ್ನು ನಮ್ಮವರು ಬಣ್ಣಕ್ಕೆ ಬೆದರಿ ಬಿಟ್ಟುಬಿಡುತ್ತಾರೆ. ಅರ್ಧ ಕಿಲೊ ಗಜ್ಜರಿ, ಒಂದು ಬೀಟ್‌ರೂಟು ತೊಳೆದು ಬೆರಳುದ್ದಕ್ಕೆ ಹೆಚ್ಚಿ. ಕುದಿಸಿ ಆರಿಸಿದ ಎರಡೂವರೆ ಲೀಟರು ನೀರಿಗೆ ಮೂರು ದೊಡ್ಡ ಚಮಚ ಸಾಸಿವೆ ಪುಡಿ, ಎರಡು ದೊಡ್ಡ ಚಮಚ ಉಪ್ಪು, ಒಂದು ಸಣ್ಣ ಚಮಚ ಮೆಣಸಿನ ಪುಡಿ ಬೆರೆಸಿ, ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಿ. ಲೋಹದ ಪಾತ್ರೆ ಬೇಡ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕಲಕಿ. ನಾಲ್ಕೈದು ದಿನಕ್ಕೆ ನೀರು ನೇರಳೆ ಬಣ್ಣಕ್ಕೆ ತಿರುಗಿ, ಸಾಸಿವೆಯ ಘಾಟೂ ಹುಳಿಯೂ ಕೂಡಿದ ಪಾನೀಯ ಸಿದ್ಧವಾಗುತ್ತದೆ. ತಿಳಿಯನ್ನು ಕೊಳವೆಯಿಂದ ಇಳಿಸಿ ತಣ್ಣಗಿಟ್ಟುಕೊಳ್ಳಿ. ಕೆಲಸ ಮಾಡುವವು ಮಜ್ಜಿಗೆಯನ್ನು ಹುಳಿಯಿಸುವ ಕುಲದ ಜೀವಾಣುಗಳೇ. ಮೇಲೆ ಬೂಸಲು ಬಂದರೆ ಮಾತ್ರ ಎಲ್ಲವನ್ನೂ ಚೆಲ್ಲಬೇಕು. ಹೋಳಿಯ ಸಮಯದಲ್ಲಿ ಪಕ್ಕದ ಮನೆಯ ಪಂಜಾಬಿ ಅಜ್ಜಿ ಇದರಲ್ಲಿ ವಡೆಯನ್ನು ನೆನೆಸಿಟ್ಟು ಕೊಡುತ್ತಾರೆ. ನಾವು ಮೊಸರುವಡೆಯನ್ನು ಕೊಟ್ಟು ಋಣ ತೀರಿಸಬಹುದು.

ಮೂರನೆಯದು ಪೀಪಾಯಿಗೇ ತಕ್ಕ ಕೆಲಸ. ಹಡಗಿನಲ್ಲಿ ಸಾಮಾನಿನ ಜೊತೆ ಅದು ಬಂದೇ ಬಿಟ್ಟಿದ್ದರೆ ರಾಮನವಮಿಗೆ ಕಾಯಿರಿ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ ಹಾಕಿದ ಪಾನಕವನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ತಣ್ಣಗೆ ಮಾಡಿ ಪೀಪಾಯಿಗೆ ತುಂಬಲಿ. ಸೋಸದಿದ್ದರೆ ಶುಂಠಿಯ ನಾರು ಕೊಳವೆಯನ್ನು ಕಟ್ಟಿಬಿಡುತ್ತದೆ. ಆಹಾರಕ್ಕೆಂದು ಮಾರುವ ಇಂಗಾಲಾಮ್ಲ ವಾಯುವನ್ನೇ ತರಿಸಿ, ಒತ್ತಡದ ಮಾಪಕವಿಲ್ಲದೆ ಎಂದೂ ಜೋಡಿಸದೆ, ಕಿಟಕಿ ತೆರೆದ ಜಾಗದಲ್ಲಿ ಇಡಬೇಕು. ಇಲ್ಲಿ ಹುಳಿಯುವ ಕೆಲಸವೇ ಇಲ್ಲದ್ದರಿಂದ ಮದ್ಯಸಾರವೂ ಇಲ್ಲ, ಕಾನೂನಿನ ಮಾತೂ ಇಲ್ಲ. ಆದರೆ ಬೆಲ್ಲದ ನೀರು ಹೊರಗಿದ್ದರೆ ತಾನಾಗಿ ಹುದುಗೇಳುತ್ತದೆ. ಕೊನೆಯವರೆಗೂ ತಣ್ಣಗೇ ಇಟ್ಟು ಎರಡು ದಿನದೊಳಗೆ ಖರ್ಚು ಮಾಡಬೇಕು. ನಲ್ಲಿ ತಿರುಗಿಸಿದೊಡನೆ ಜುಮ್ಮೆನ್ನುವ ನೊರೆಪಾನಕ ಬರುವುದನ್ನು ಕಂಡರೆ ಮಕ್ಕಳು ಕೋಸಂಬರಿಯನ್ನು ಮರೆತು ಅಲ್ಲಿಯೇ ಸಾಲುಗಟ್ಟುವರು.

ಜೇನನ್ನು ಕುರಿತು ಒಂದು ಎಚ್ಚರಿಕೆ. ಮೀಡಿಗೆಂದು ತಂದ ಒಳ್ಳೆಯ ಜೇನು ಮನೆಯಲ್ಲಿದ್ದರೆ ದೊಡ್ಡವರು ತಿನ್ನಲಿ. ಆದರೆ ಒಂದು ವರ್ಷ ತುಂಬದ ಕೂಸಿನ ನಾಲಗೆಗೆ, ಶಾಸ್ತ್ರಕ್ಕೆಂದಾದರೂ, ಅದನ್ನು ಮುಟ್ಟಿಸಬಾರದು. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ಜೀವಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಕಾರುತ್ತವೆ. ನಾಮಕರಣದ ಸಂಭ್ರಮದಲ್ಲಿ ಅಜ್ಜಿಯರು ಇದನ್ನು ನೆನಪಿಡುವುದು ಲೇಸು.

ಕಾನೂನು ಬದಲಾಗಬೇಕೆನ್ನುವ ತರುಣರು ಅದನ್ನು ನೇರವಾಗಿ ಕೇಳಲಿ. ಶಾಸನಸಭೆ ಇರುವುದು ಅದಕ್ಕೇ. ಇಂಗ್ಲೆಂಡಿನವರೂ ಅಮೆರಿಕೆಯವರೂ ಹಾಗೆ ಕೇಳಿಯೇ ಪಡೆದುಕೊಂಡರು. ಅಲ್ಲಿಯವರೆಗೆ ಬೀರಿನ ಕೈಚಳಕವನ್ನು ಬಲ್ಲವರು ಭರಣಿಯ ಕಡೆಗೆ ಬರಲಿ. ಭರಣಿಯನ್ನು ಬಲ್ಲ ಅತ್ತೆಯರೂ ಅಮ್ಮಂದಿರೂ ತಮ್ಮ ಕೈಯಳತೆ ಕಣ್ಣಳತೆಗಳನ್ನು ಅವರಿಗೆ ಬಿಚ್ಚಿ ಹೇಳಲಿ. ಉಪ್ಪಿನಕಾಯಿ, ಅಂಬಲಿ, ಹುಳಿಹಿಟ್ಟು ಮೊದಲಾದವುಗಳ ಹದ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಕೇಳುವವರಿಲ್ಲದೆ ಅವು ಒಂದೊಂದಾಗಿ ಮರೆತುಹೋಗುತ್ತಿವೆ, ಅದರಲ್ಲಿಯೂ ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ. ದೆಹಲಿಯ ಚಳಿ ಬಿಸಿಲುಗಳಲ್ಲಿ ಹಿಟ್ಟು ಹುಳಿಯಿಸುವ, ಕಾಂಜಿ ಇಳಿಸುವ ತಮ್ಮ ಅನುಭವಗಳನ್ನು ವಾಚಕರು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಅಳತೆಯನ್ನು ಮಾತ್ರ ಮರೆಯದೆ ಬರೆಯಿರಿ.